ಕಾರ್ಮಿಕರ ಪರವಾಗಿ ಸಹಿ ಹಾಕುವ ಹಕ್ಕು ಯಾವ ಸಂಘಕ್ಕೆ?

ಒಂದೇ ಕಾರ್ಖಾನೆಯಲ್ಲಿ ಎರಡು ಕಾರ್ಮಿಕ ಸಂಘಗಳಿದ್ದು, ಎರಡೂ ಪ್ರತ್ಯೇಕವಾಗಿ ಬೇಡಿಕೆ ಪಟ್ಟಿ ಸಲ್ಲಿಸಿ, ಹೆಚ್ಚಿನ ಕಾರ್ಮಿಕರು ತಮ್ಮ ಕಡೆಗೇ ಇದ್ದಾರೆಂದು ಹೇಳಿಕೊಂಡಾಗ, ಆಡಳಿತ ವರ್ಗ ಯಾರೊಂದಿಗೆ ಕುಳಿತು ವೇತನ ಒಪ್ಪಂದ ಮಾಡಿಕೊಳ್ಳಬೇಕು? ಈ ಪ್ರಶ್ನೆಗೆ 2025ರ ನವೆಂಬರ್ 21ರವರೆಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿನಲ್ಲಿ ಉತ್ತರವೇ ಇರಲಿಲ್ಲ. ಅಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಒಂದು ಉತ್ತರವನ್ನೇನೋ ಕೊಟ್ಟಿದೆ. ಆ ಉತ್ತರ ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಅಳೆಯಬೇಕಾದರೆ, ಅದು ಬರಲು ಇಷ್ಟು ಕಾಲ ಹಿಡಿದದ್ದು ಏಕೆಂದು ಮೊದಲು ನೋಡಬೇಕಾಗುತ್ತದೆ.

ಹಾಸನಕ್ಕೆ ಇದು ದೂರದ ವಿಷಯವಲ್ಲ. ಒಂದು ಕಾಲಕ್ಕೆ ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ನೂರಾರು ಕೈಗಳು ಒಟ್ಟಿಗೆ ದುಡಿಯುವ ಜಾಗವೆಂದರೆ ಕಾಫಿ ಕ್ಯೂರಿಂಗ್ ವರ್ಕ್ಸ್ ಆಗಿತ್ತು. ಅಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಾಫಿ ಬೀಜ ಆರಿಸುತ್ತಿದ್ದರು. ಈಗ ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಜವಳಿ ಮತ್ತು ಸಿದ್ಧ ಉಡುಪಿನ ಘಟಕಗಳು ಬೆಳೆದಿವೆ. ಆಲೂರು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಂದ ಬಸ್ಸು ಹತ್ತಿ ಪಾಳಿಗೆ ಬರುವವರ ಜೊತೆಗೆ ಹೊರರಾಜ್ಯಗಳಿಂದ ಬಂದು ಹಾಸ್ಟೆಲುಗಳಲ್ಲಿ ಉಳಿದವರೂ ಅಲ್ಲಿ ದುಡಿಯುತ್ತಾರೆ. ತಮ್ಮ ಪರವಾಗಿ ಯಾರು ಮಾತನಾಡುತ್ತಾರೆ ಎಂಬುದು ಇವರ ವೇತನ, ಉತ್ಪಾದನಾ ಗುರಿ, ರಜೆ, ಕ್ಯಾಂಟೀನು, ಬಸ್ಸಿನ ಸಮಯ ಎಲ್ಲವನ್ನೂ ತೀರ್ಮಾನಿಸುವ ಸಂಗತಿ.

ಕಥೆ ಆರಂಭವಾಗುವುದು ಮದರಾಸಿನಲ್ಲಿ. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್‌ನ ಕಾರ್ಮಿಕರ ಹೋರಾಟದ ಸಂದರ್ಭದಲ್ಲಿ ಮದ್ರಾಸ್ ಲೇಬರ್ ಯೂನಿಯನ್ನಿನ ನಾಯಕ ಬಿ.ಪಿ. ವಾಡಿಯಾ ಮತ್ತಿತರರ ವಿರುದ್ಧ ಹೈಕೋರ್ಟಿನಿಂದ ತಡೆಯಾಜ್ಞೆ ಬಂತು. ಸಂಘ ಕಟ್ಟುವುದನ್ನೇ ಸಂಚೆಂದು ಕಾಣುವ ಕಾನೂನಿನಿಂದ ಕಾರ್ಮಿಕರಿಗೆ ರಕ್ಷಣೆ ಬೇಕೆಂದು 1921ರಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ನಿರ್ಣಯ ಮಂಡಿಸಿದರು. ಅದರ ಫಲವಾಗಿ 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂದು, 1927ರ ಜೂನ್ 1ರಿಂದ ಜಾರಿಯಾಯಿತು. ಏಳು ಜನ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದೆಂದು ಅದು ಹೇಳಿತು. ಆದರೆ ಹಾಗೆ ನೋಂದಾಯಿತವಾದ ಸಂಘದೊಂದಿಗೆ ಮಾಲೀಕರು ಮಾತುಕತೆಗೆ ಕೂರಲೇಬೇಕೆಂದು ಹೇಳಲಿಲ್ಲ. ನೂರು ವರ್ಷ ಎಳೆದ ವ್ಯಾಜ್ಯಕ್ಕೆ ಈ ಮೌನವೇ ಮೂಲ.

ಹಾಸನ ಮತ್ತು ಅಂದು ಕಡೂರು ಜಿಲ್ಲೆಯೆಂದು ಕರೆಯಲಾಗುತ್ತಿದ್ದ ಚಿಕ್ಕಮಗಳೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಬ್ರಿಟಿಷ್ ಭಾರತದ ಈ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನ ತನ್ನದೇ ಕಾರ್ಮಿಕ ಕಾಯ್ದೆಯನ್ನು 1942ರಲ್ಲಿ ಮಾಡಿತು. ಸ್ವಾತಂತ್ರ್ಯಾನಂತರ ಕೇಂದ್ರದ ಕಾನೂನುಗಳು ಈ ಸೀಮೆಗೂ ಬಂದವು, ಅವುಗಳ ಜೊತೆಗೆ ಅವುಗಳ ಕೊರತೆಯೂ ಬಂತು.

ಕೊರತೆಯನ್ನು ತುಂಬುವ ಯತ್ನಗಳು ನಡೆಯಲಿಲ್ಲವೆಂದಲ್ಲ. ಸಂಘಕ್ಕೆ ಕಡ್ಡಾಯವಾಗಿ ಮಾನ್ಯತೆ ನೀಡಬೇಕೆನ್ನುವ ತಿದ್ದುಪಡಿಯೊಂದನ್ನು 1947ರಲ್ಲಿ ಅಂಗೀಕರಿಸಲಾಯಿತು. ಅದನ್ನು ಜಾರಿಗೆ ತರುವ ಅಧಿಸೂಚನೆ ಕೊನೆಗೂ ಹೊರಡಲಿಲ್ಲ. 1950ರಲ್ಲಿ ಮಂಡನೆಯಾದ ಮಸೂದೆಗಳು ಕಾಯ್ದೆಯಾಗದೆ ಬಿದ್ದುಹೋದವು. ಕಡೆಗೆ 1958ರಲ್ಲಿ ಸರ್ಕಾರ, ಮಾಲೀಕರು ಮತ್ತು ಕೇಂದ್ರ ಕಾರ್ಮಿಕ ಸಂಘಟನೆಗಳು ಒಪ್ಪಿಕೊಂಡ ‘ಶಿಸ್ತು ಸಂಹಿತೆ’ ಒಂದು ಅಳತೆಗೋಲನ್ನು ಕೊಟ್ಟಿತು. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ, ಮಾನ್ಯತೆ ಕೇಳುವ ಸಂಘ ಆ ಸಂಸ್ಥೆಯ ಕಾರ್ಮಿಕರಲ್ಲಿ ಕನಿಷ್ಠ ಶೇ 15ರಷ್ಟು ಜನರನ್ನು ಸದಸ್ಯರನ್ನಾಗಿ ಹೊಂದಿರಬೇಕು, ಹಾಗೆ ಅರ್ಹವಾದವುಗಳಲ್ಲಿ ಅತಿ ಹೆಚ್ಚು ಸದಸ್ಯರಿರುವ ಸಂಘಕ್ಕೆ ಮಾನ್ಯತೆ ಸಿಗಬೇಕು, ಸಿಕ್ಕ ಮಾನ್ಯತೆ ಎರಡು ವರ್ಷ ಬದಲಾಗಬಾರದು ಎಂಬುದು ಅದರ ಸಾರ. ಇದು ಕಾನೂನಾಗಿರಲಿಲ್ಲ. ಪಾಲಿಸದ ಮಾಲೀಕನನ್ನು ನ್ಯಾಯಾಲಯಕ್ಕೆ ಎಳೆಯುವ ದಾರಿ ಇರಲಿಲ್ಲ.

ಸದಸ್ಯರನ್ನು ಎಣಿಸುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ತೊಡಕೆಲ್ಲ ಇರುವುದು ಅಲ್ಲಿಯೇ. ಹಿಂದಿನ ಆರು ತಿಂಗಳಲ್ಲಿ ಕನಿಷ್ಠ ಮೂರು ತಿಂಗಳ ಚಂದಾ ಕೊಟ್ಟವರನ್ನು ಮಾತ್ರ ಸದಸ್ಯರೆಂದು ಪರಿಗಣಿಸಬೇಕಿತ್ತು. ಹೀಗಾಗಿ ಪ್ರತಿ ಸಂಘವೂ ತನ್ನ ಸದಸ್ಯತ್ವದ ರಿಜಿಸ್ಟರು, ರಸೀದಿ ಪುಸ್ತಕಗಳ ಕೌಂಟರ್‌ಫಾಯಿಲು, ಲೆಕ್ಕದ ಪುಸ್ತಕಗಳನ್ನು ತಂದು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದಿಡುತ್ತಿತ್ತು. ಅಧಿಕಾರಿ ಆ ಹೆಸರುಗಳನ್ನು ಕಂಪನಿಯ ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದರು. ಒಬ್ಬರ ಹೆಸರೇ ಎರಡು ಸಂಘಗಳ ರಿಜಿಸ್ಟರಿನಲ್ಲೂ ಕಂಡುಬಂದಾಗ, ನೀವು ಯಾರ ಕಡೆ ಎಂದು ಕಾರ್ಮಿಕರನ್ನು ಕರೆದು ಕೇಳಬೇಕಾಗುತ್ತಿತ್ತು. ಹೊರನೋಟಕ್ಕೆ ಇದು ಶುದ್ಧ ದಾಖಲೆಯ ಕೆಲಸ. ಆದರೆ ಹೊಸ ಸಂಘಕ್ಕೆ ಸೇರಿದವರ ಹೆಸರು, ಟೋಕನ್ ನಂಬರು, ವಿಭಾಗ ಎಲ್ಲವೂ ಈ ಕ್ರಮದಲ್ಲಿ ಬೇರೆಯವರ ಕೈಗೆ ಸಿಗುವ ಸಂಭವವಿತ್ತು. ಸೂಪರ್‌ವೈಸರನ ಕಣ್ಣು ತಪ್ಪಿಸಿ ಊಟದ ಬಿಡುವಿನಲ್ಲಿ ಚಂದಾ ಕೊಟ್ಟ ಹೊಲಿಗೆ ಲೈನಿನ ಹೆಣ್ಣುಮಗಳಿಗೆ ಆ ರಸೀದಿಯೇ ಮರುದಿನ ವರ್ಗಾವಣೆಗೆ ಕಾರಣವಾಗಬಹುದು. ವೇತನದಿಂದಲೇ ಚಂದಾ ಕಡಿತ ಮಾಡಿ ಸಂಘಕ್ಕೆ ಕೊಡುವ ಚೆಕ್-ಆಫ್ ಪದ್ಧತಿಯಲ್ಲಿ ಲೆಕ್ಕವೇನೋ ಸುಲಭ. ಅಲ್ಲಿ ಯಾರು ಯಾವ ಸಂಘದವರೆಂಬುದು ಮೊದಲು ತಿಳಿಯುವುದು ಸಂಬಳ ಬರೆಯುವ ವಿಭಾಗಕ್ಕೆ.

ಈ ಕಾರಣಕ್ಕಾಗಿಯೇ ಗುಪ್ತ ಮತದಾನ ಬೇಕೆಂಬ ವಾದ ಬಲವಾಯಿತು. ಕೇಂದ್ರ ಕಾರ್ಮಿಕ ಸಂಘಟನೆಗಳಲ್ಲಿ ಎಐಟಿಯುಸಿ, ಎಚ್‌ಎಂಎಸ್, ನಂತರ ಸಿಐಟಿಯು ಮತದಾನದ ಪರ ನಿಂತವು. ಐಎನ್‌ಟಿಯುಸಿ ದಾಖಲೆ ಪರಿಶೀಲನೆಯೇ ಸಾಕೆಂದಿತು. ಚಂದಾ ಕಟ್ಟಿ ಸಂಘವನ್ನು ವರ್ಷಗಟ್ಟಲೆ ನಡೆಸಿದವರ ಮಾತಿಗೆ, ಮತದಾನದ ದಿನದ ಆವೇಶಕ್ಕಿಂತ ಹೆಚ್ಚಿನ ತೂಕ ಇರಬೇಕೆಂಬ ಆ ವಾದವನ್ನು ತಳ್ಳಿಹಾಕುವಂತಿಲ್ಲ. ಪಿ.ಬಿ. ಗಜೇಂದ್ರಗಡ್ಕರ್ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗ 1969ರಲ್ಲಿ ಕಡ್ಡಾಯ ಮಾನ್ಯತೆಯನ್ನು ಶಿಫಾರಸು ಮಾಡಿಯೂ, ಪರಿಶೀಲನೆಯೋ ಮತದಾನವೋ ಎಂಬ ಆಯ್ಕೆಯನ್ನು ತಾನು ಸೂಚಿಸಿದ ಕೈಗಾರಿಕಾ ಸಂಬಂಧಗಳ ಆಯೋಗಕ್ಕೆ ಬಿಟ್ಟಿತು. ಮಹಾರಾಷ್ಟ್ರ 1971ರಲ್ಲಿ ತನ್ನದೇ ಕಾಯ್ದೆ ಮಾಡಿ, ಶೇ 30ರಷ್ಟು ಸದಸ್ಯತ್ವವನ್ನು ಮಾನ್ಯತೆಯ ಮಾನದಂಡವಾಗಿಸಿತು. ಆ ಕಾಯ್ದೆ ಮಹಾರಾಷ್ಟ್ರದ ಗಡಿ ದಾಟಲಿಲ್ಲ.

ದಾಖಲೆಯ ಬಹುಮತವೂ ಜನರ ಬಹುಮತವೂ ಬೇರೆಯಾದರೆ ಏನಾಗುತ್ತದೆ ಎಂಬುದನ್ನು ಮುಂಬೈಯ ಜವಳಿ ಕಾರ್ಮಿಕರು ಅನುಭವಿಸಿದರು. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ ಅಲ್ಲಿನ ಮಿಲ್ಲುಗಳ ಕಾರ್ಮಿಕರಿಗೆ ಕಾನೂನುಬದ್ಧ ಪ್ರತಿನಿಧಿ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತ್ ಅವರ ನಾಯಕತ್ವದಲ್ಲಿ ಮುಷ್ಕರಕ್ಕೆ ಇಳಿದರು. ಅವರ ಬೇಡಿಕೆಗಳಲ್ಲಿ ಆ ಕಾಯ್ದೆಯ ರದ್ದತಿಯೂ ಒಂದಾಗಿತ್ತು. ಪ್ರಮಾಣಪತ್ರ ಒಬ್ಬರ ಬಳಿ, ಕಾರ್ಮಿಕರು ಇನ್ನೊಬ್ಬರ ಬಳಿ. ಮಾಲೀಕರು ಸಾಮಂತ್ ಅವರೊಂದಿಗೆ ಮಾತನಾಡಲು ಕಾನೂನೇ ಅಡ್ಡಿ ಎಂದರು. ಮುಷ್ಕರ ಒಪ್ಪಂದವಿಲ್ಲದೆ ಕರಗಿತು, ಅಸಂಖ್ಯ ಕುಟುಂಬಗಳು ಕೆಲಸ ಕಳೆದುಕೊಂಡವು. ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ, ಕಾರ್ಮಿಕರು ಯಾರನ್ನು ನಂಬಿದ್ದಾರೆಂದು ನೇರವಾಗಿ ಅವರನ್ನೇ ಕೇಳಿ ದಾಖಲಿಸುವ ವ್ಯವಸ್ಥೆಯೊಂದಿದ್ದಿದ್ದರೆ ಮಾತುಕತೆಯ ಬಾಗಿಲು ಅಷ್ಟು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಇಂಥ ಕಾಯ್ದೆಯಿಲ್ಲದ ಕಡೆ ವಿವಾದ ಹೋಗಿ ನಿಲ್ಲುತ್ತಿದ್ದುದು ಲೇಬರ್ ಆಫೀಸಿನಲ್ಲಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಒಪ್ಪಂದಗಳು ಎರಡು ಬಗೆಯವಾಗಿದ್ದವು. ರಾಜಿ ಸಂಧಾನ ನಡೆಯುತ್ತಿರುವಾಗ ಸಂಧಾನಾಧಿಕಾರಿಯ ಸಮ್ಮುಖದಲ್ಲಿ ಆದ ಒಪ್ಪಂದವು ಕಾರ್ಖಾನೆಯ ಎಲ್ಲ ಕಾರ್ಮಿಕರನ್ನೂ, ಮುಂದೆ ಕೆಲಸಕ್ಕೆ ಸೇರುವವರನ್ನೂ ಬದ್ಧಗೊಳಿಸುತ್ತಿತ್ತು. ಕಾರ್ಮಿಕರ ಬಾಯಲ್ಲಿ ಇದು ‘12(3) ಒಪ್ಪಂದ’. ಅಧಿಕಾರಿಯಿಲ್ಲದೆ ಎರಡೂ ಕಡೆಯವರು ಮಾಡಿಕೊಂಡದ್ದು ‘18(1) ಒಪ್ಪಂದ’; ಅದು ಸಹಿ ಹಾಕಿದವರಿಗಷ್ಟೇ ಅನ್ವಯಿಸುತ್ತಿತ್ತು. ಟಾಟಾ ಕೆಮಿಕಲ್ಸ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್, ಬಹುಸಂಖ್ಯಾತ ಸಂಘ ಮಾಡಿಕೊಂಡ ಎರಡನೆಯ ಬಗೆಯ ಒಪ್ಪಂದ ಅಲ್ಪಸಂಖ್ಯಾತ ಸಂಘದ ಸದಸ್ಯರನ್ನು ಕಟ್ಟಿಹಾಕುವುದಿಲ್ಲ, ಅಲ್ಪಸಂಖ್ಯಾತ ಸಂಘವೂ ವಿವಾದ ಎತ್ತಬಹುದು ಎಂದು ಹೇಳಿತು. ಚಿಕ್ಕ ಸಂಘಗಳಿಗೆ ಇದು ದೊಡ್ಡ ಆಸರೆಯಾಯಿತು. ಅದೇ ವೇಳೆಗೆ, ಎಲ್ಲರನ್ನೂ ಬದ್ಧಗೊಳಿಸುವ ಮೊದಲ ಬಗೆಯ ಒಪ್ಪಂದವನ್ನು ತನಗೆ ಅನುಕೂಲವಾದ ಸಂಘದೊಂದಿಗೆ ಮುಗಿಸಿಕೊಳ್ಳುವ ಆಸೆ ಆಡಳಿತ ವರ್ಗಗಳಿಗೂ ಬಲಿಯಿತು. ಅಧಿಕಾರಿಯ ಕೊಠಡಿಯೊಳಗೆ ಒಂದು ಸಂಘದವರು ಸಹಿ ಹಾಕುತ್ತಿದ್ದರೆ, ಮತ್ತೊಂದು ಸಂಘದವರು ಹೊರಗಿನ ಬೆಂಚಿನ ಮೇಲೆ ಆಕ್ಷೇಪಣಾ ಪತ್ರ ಹಿಡಿದು ಕೂರುವುದು ಇದರಿಂದಲೇ. ಮಾಲೀಕರೇ ಸಾಕಿ ಬೆಳೆಸಿದ ಸಂಘವನ್ನು ಕಾಯ್ದೆಯ ಐದನೆಯ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎಂದು ಕರೆದಿತ್ತು. ಸಂಘವೊಂದು ಮಾಲೀಕರದ್ದೆಂದು ದಾಖಲೆಸಹಿತ ರುಜುವಾತು ಮಾಡುವುದು ಮಾತ್ರ ಬಹು ಕಷ್ಟ.

ಗುಪ್ತ ಮತದಾನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1995ರಲ್ಲಿ, ಭಾರತೀಯ ಆಹಾರ ನಿಗಮದ ನೌಕರರ ಸಂಘದ ಪ್ರಕರಣದಲ್ಲಿ. ಯಾವ ಸಂಘಕ್ಕೆ ಎಷ್ಟು ಬೆಂಬಲವಿದೆ ಎಂಬುದನ್ನು ಗುಪ್ತ ಮತದಾನದಿಂದ ತಿಳಿಯಲು ಎರಡೂ ಕಡೆಯವರು ಒಪ್ಪಿದ್ದರು. ಮತದಾರರ ಪಟ್ಟಿಯಿಂದ ಹಿಡಿದು ಎಣಿಕೆಯವರೆಗೆ ಅದನ್ನು ನಡೆಸುವ ಕ್ರಮವನ್ನು ಸುಪ್ರೀಂ ಕೋರ್ಟ್ ವಿವರವಾಗಿ ಹಾಕಿಕೊಟ್ಟಿತು. ರೈಲ್ವೆಯಲ್ಲಿ 2007, 2013 ಮತ್ತು 2024ರ ಡಿಸೆಂಬರಿನಲ್ಲಿ ಸಂಘಗಳ ಮಾನ್ಯತೆಗೆ ಗುಪ್ತ ಮತದಾನ ನಡೆದಿದೆ. ಹಾಸನ ಮತ್ತು ಅರಸೀಕೆರೆಯ ನಿಲ್ದಾಣಗಳು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದರಿಂದ, ಈ ಜಿಲ್ಲೆಯಲ್ಲಿ ಕೆಲಸ ಮಾಡುವ ರೈಲ್ವೆ ನೌಕರರಿಗೆ ಇಂಥ ಚುನಾವಣೆ ಪರಿಚಿತ. ಅದೇ ಊರಿನ ಖಾಸಗಿ ಕಾರ್ಖಾನೆಯ ಕಾರ್ಮಿಕರಿಗೆ ಅಂಥದೇ ಹಕ್ಕನ್ನು ಯಾವ ಕೇಂದ್ರ ಕಾನೂನೂ ಕೊಟ್ಟಿರಲಿಲ್ಲ.

ಈಗಿನ ಸಂಹಿತೆಯ 14ನೆಯ ಸೆಕ್ಷನ್ ಹೀಗೆ ಹೇಳುತ್ತದೆ: ಕಾರ್ಖಾನೆಯ ಮಸ್ಟರ್ ರೋಲ್‌ನಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಇರುವ ಕಾರ್ಮಿಕರಲ್ಲಿ ಶೇ 51 ಅಥವಾ ಅದಕ್ಕಿಂತ ಹೆಚ್ಚು ಜನರ ಬೆಂಬಲವಿರುವ ಸಂಘವನ್ನು ಮಾಲೀಕರು ತಮ್ಮೊಂದಿಗೆ ಮಾತುಕತೆ ನಡೆಸುವ ಏಕೈಕ ಸಂಧಾನ ಸಂಘವೆಂದು ಮಾನ್ಯ ಮಾಡಲೇಬೇಕು. ಯಾವ ಸಂಘಕ್ಕೂ ಅಷ್ಟು ಬೆಂಬಲವಿಲ್ಲದಿದ್ದರೆ, ಶೇ 20ಕ್ಕೆ ಕಡಿಮೆಯಿಲ್ಲದಷ್ಟು ಬೆಂಬಲವಿರುವ ಸಂಘಗಳ ಪ್ರತಿನಿಧಿಗಳನ್ನು ಸೇರಿಸಿ ಸಂಧಾನ ಮಂಡಳಿ ರಚಿಸಬೇಕು. ಮಾನ್ಯತೆಯ ಅವಧಿ ಮೂರು ವರ್ಷ. ಪರಸ್ಪರ ಒಪ್ಪಿದರೆ ಐದು ವರ್ಷದವರೆಗೆ ಹೋಗಬಹುದು. ಸಂಘ ಸಂಘಗಳ ನಡುವಿನ ವ್ಯಾಜ್ಯವನ್ನು ಕೈಗಾರಿಕಾ ನ್ಯಾಯಮಂಡಳಿಗೆ ಒಯ್ಯಬಹುದು. ಮಾಲೀಕರ ಮರ್ಜಿಯಲ್ಲಿದ್ದ ಮಾನ್ಯತೆ ಕಾನೂನಿನ ಕರ್ತವ್ಯವಾದದ್ದು ನಿಜವಾದ ಮುನ್ನಡೆ. ಸಂಹಿತೆಯ ಬೇರೆ ಭಾಗಗಳನ್ನು, ಮುಖ್ಯವಾಗಿ ಮುಷ್ಕರದ ಮೇಲಿನ ನಿರ್ಬಂಧಗಳನ್ನು ವಿರೋಧಿಸುವವರೂ ಇದನ್ನು ಗಮನಿಸಬೇಕು.

ಆದರೆ ಲೆಕ್ಕ ಹಾಕಿ ನೋಡೋಣ. ಸಾವಿರ ಕಾರ್ಮಿಕರಿರುವ ಒಂದು ಗಾರ್ಮೆಂಟ್ಸ್‌ನಲ್ಲಿ ಮೊದಲ ಸಂಘಕ್ಕೆ 400, ಎರಡನೆಯದಕ್ಕೆ 200, ಮೂರನೆಯದಕ್ಕೆ 180 ಜನರ ಬೆಂಬಲವಿದೆ, ಉಳಿದ 220 ಜನ ಯಾವ ಸಂಘದಲ್ಲೂ ಇಲ್ಲ ಎಂದುಕೊಳ್ಳೋಣ. ಶೇ 20ಕ್ಕೆ ಒಬ್ಬರಂತೆ ಮೊದಲ ಸಂಘಕ್ಕೆ ಇಬ್ಬರು, ಎರಡನೆಯದಕ್ಕೆ ಒಬ್ಬರು ಪ್ರತಿನಿಧಿಗಳು ಸಿಗುತ್ತಾರೆ; ಮೂರನೆಯ ಸಂಘ ಮಂಡಳಿಯ ಹೊರಗೇ ಉಳಿಯುತ್ತದೆ. ಮಂಡಳಿಯ ಪ್ರತಿನಿಧಿಗಳಲ್ಲಿ ಬಹುಮತ ಒಪ್ಪಿದರೆ ಒಪ್ಪಂದವಾದಂತೆ ಎಂದು ಸಂಹಿತೆ ಹೇಳುವುದರಿಂದ, 400 ಜನರ ಸಂಘದ ಇಬ್ಬರು ಒಪ್ಪಿದರೆ ಸಾಕು, ಸಾವಿರ ಜನರ ಪರವಾಗಿ ಮಾತು ಮುಗಿಯುತ್ತದೆ. ಶೇ 51 ಬೇಕೆಂದು ಆರಂಭವಾದ ನಿಯಮ ಶೇ 40ರ ಕೈಗೆ ಅಧಿಕಾರ ಕೊಟ್ಟು ನಿಲ್ಲುವುದು ಹೀಗೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು, ಆ ಸಾವಿರ ಜನ ಯಾರು ಎಂಬ ಪ್ರಶ್ನೆ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಅಪ್ರೆಂಟಿಸ್ ಕೂಡ ಕಾರ್ಮಿಕನೇ ಆಗಿದ್ದ. ಹೊಸ ಸಂಹಿತೆ ಅಪ್ರೆಂಟಿಸ್ ಕಾಯ್ದೆಯಡಿ ಬರುವವರನ್ನು ಕಾರ್ಮಿಕರ ವ್ಯಾಖ್ಯೆಯಿಂದ ಕೈಬಿಟ್ಟಿದೆ. ಗುತ್ತಿಗೆ ಕಾರ್ಮಿಕರ ಹೆಸರಿರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಪ್ಯಾಕಿಂಗ್, ಲೋಡಿಂಗ್, ಹೌಸ್‌ಕೀಪಿಂಗ್ ಮಾಡುವವರು ಅದೇ ಗೇಟಿನಿಂದ ಬಂದು, ಅದೇ ಕ್ಯಾಂಟೀನಿನಲ್ಲಿ ಊಟ ಮಾಡಿ, ಅದೇ ಸೈರನ್ನಿಗೆ ಮನೆಗೆ ಹೋಗುತ್ತಾರಾದರೂ ಕಂಪನಿಯ ಮಸ್ಟರ್ ರೋಲ್‌ನಲ್ಲಿ ಅವರಿಲ್ಲ. ಕೆಲಸ ಬಿಟ್ಟು ಹೋಗುವವರೂ ಹೊಸದಾಗಿ ಸೇರುವವರೂ ಹೆಚ್ಚಿರುವ ಗಾರ್ಮೆಂಟ್ಸ್‌ನಲ್ಲಿ ಯಾವ ದಿನದ ಪಟ್ಟಿಯನ್ನು ಆಧಾರವಾಗಿ ಹಿಡಿಯುತ್ತಾರೆ ಎಂಬುದರ ಮೇಲೆಯೇ ಫಲಿತಾಂಶ ಬದಲಾಗಬಹುದು. ಬೆಂಬಲವನ್ನು ಹೇಗೆ ಪರಿಶೀಲಿಸಬೇಕು ಎಂಬುದನ್ನು ಸಂಹಿತೆ ತಾನೇ ಹೇಳದೆ ನಿಯಮಗಳಿಗೆ ಬಿಟ್ಟಿದೆ. ಖಾಸಗಿ ಜವಳಿ ಕಾರ್ಖಾನೆಗಳ ಮಟ್ಟಿಗೆ ಆ ನಿಯಮ ಮಾಡುವುದು ರಾಜ್ಯ ಸರ್ಕಾರ.

ಹಾಗಾಗಿ ಹಾಸನದ ಕಾರ್ಮಿಕರು ಮತ್ತು ಅವರ ಸಂಘಗಳು, ಪರಸ್ಪರ ಎಷ್ಟೇ ಪೈಪೋಟಿಯಿದ್ದರೂ, ಕೆಲವು ವಿಷಯಗಳಲ್ಲಿ ಒಂದೇ ಮಾತು ಆಡಬೇಕಾದ ಹೊತ್ತು ಇದು. ಚಂದಾ ರಸೀದಿಗಳ ಬದಲು ಗುಪ್ತ ಮತದಾನವೇ ಆಗಬೇಕು, ಅದನ್ನು ಕಂಪನಿಯ ಎಚ್.ಆರ್. ವಿಭಾಗ ನಡೆಸದೆ ಕಾರ್ಮಿಕ ಇಲಾಖೆ ನಡೆಸಬೇಕು. ಆಧಾರವಾಗುವ ಪಟ್ಟಿಯ ದಿನಾಂಕವನ್ನು ಮೊದಲೇ ಘೋಷಿಸಿ, ಪಟ್ಟಿಯನ್ನು ಕನ್ನಡದಲ್ಲೂ ಹೊರರಾಜ್ಯದ ಕಾರ್ಮಿಕರು ಓದಬಲ್ಲ ಭಾಷೆಯಲ್ಲೂ ಗೇಟಿನ ಬಳಿ ಹಾಗೂ ಹಾಸ್ಟೆಲುಗಳಲ್ಲಿ ಅಂಟಿಸಿ, ಹೆಸರು ಬಿಟ್ಟುಹೋದವರಿಗೆ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಕೊಡಬೇಕು. ಮತಗಟ್ಟೆಯ ಸಮಯ ಮೂರೂ ಪಾಳಿಗಳಿಗೆ ಹೊಂದುವಂತಿರಬೇಕು, ಮತ ಹಾಕಲು ತಡವಾದ ಹೆಣ್ಣುಮಕ್ಕಳನ್ನು ಊರಿಗೆ ಕರೆದೊಯ್ಯುವ ಬಸ್ಸು ಅವರಿಗಾಗಿ ಕಾಯಬೇಕು.