ಸೊನ್ನೆ ಬಂತು ಅಂದ್ರೆ ನಿಜವಾಗ್ಲೂ ಸೊನ್ನೆನಾ?

ಫಾರ್ಮಲ್ಲಿ ವಯಸ್ಸು ಕೇಳೋ ಬಾಕ್ಸಲ್ಲಿ 42 ಅಂತ ಟೈಪ್ ಮಾಡ್ತೀರಲ್ಲ, ಕಂಪ್ಯೂಟರ್‌ಗೆ ಅದು ಇನ್ನೂ ನಂಬರ್ ಅಲ್ಲ, ಬರೀ ಎರಡು ಅಕ್ಷರ. ಆಸ್ಕಿ (ಪ್ರತಿ ಅಕ್ಷರಕ್ಕೂ ಒಂದು ಕೋಡ್ ನಂಬರ್ ಕೊಡೋ ಪಟ್ಟಿ) ಪ್ರಕಾರ '0'ಗೆ ಕೋಡ್ 48, '4'ಕ್ಕೆ 52, ಒಂದರಲ್ಲಿ ಇನ್ನೊಂದು ಕಳೆದ್ರೆ 4 ಸಿಗತ್ತೆ, ಅದನ್ನ ಹತ್ತರಿಂದ ಗುಣಿಸಿ ಮುಂದಿನ 2 ಕೂಡಿಸಿದ್ರೆ 42, ಇಷ್ಟೇ ಕೆಲಸ. ತಲೆನೋವು ಶುರುವಾಗೋದು ಯಾರೋ "42 ವರ್ಷ" ಅಂತ ಬರೆದಾಗ, ಇಲ್ಲಾ ಏನೂ ಬರೀದೆ ಖಾಲಿ ಬಿಟ್ಟಾಗ.

ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಲಿ ಹೀಗೆ ಅಕ್ಷರಗಳನ್ನ ನಂಬರ್ ಮಾಡೋಕೆ ಎ-ಟು-ಐ ಅಂತ ಹಳೇ ಫಂಕ್ಷನ್ ಇದೆ. ಅದಕ್ಕೆ "0" ಕೊಟ್ರೂ 0, "ಗೊತ್ತಿಲ್ಲ" ಅಂತ ಕೊಟ್ರೂ 0! ಎರಡಕ್ಕೂ ವ್ಯತ್ಯಾಸ ಕಂಡುಹಿಡಿಯೋಕೆ ದಾರಿನೇ ಇಲ್ಲ. ಸ್ಟ್ರ್‌ಟೋಲ್ ಅನ್ನೋ ಇನ್ನೊಂದು ಫಂಕ್ಷನ್ ವಾಸಿ, ಓದ್ತಾ ಎಲ್ಲಿ ನಿಂತೆ, ನಂಬರ್ ತುಂಬಾ ದೊಡ್ಡದಾಯ್ತಾ ಎಲ್ಲಾ ಹೇಳತ್ತೆ, ಆದ್ರೆ ಕೇಳಿದವರಿಗೆ ಮಾತ್ರ, ಅದನ್ನೆಲ್ಲಾ ಚೆಕ್ ಮಾಡೋಕೆ ನಾಲ್ಕೈದು ಸಾಲು ಬರೀಬೇಕು ಅಂತ ಸುಮಾರು ಜನ ಬಿಟ್ಟೇಬಿಡ್ತಾರೆ.

ಜಾವಾಸ್ಕ್ರಿಪ್ಟ್ ಕಥೆ ಇನ್ನೂ ಮಜಾ. ಪಾರ್ಸ್‌ಇಂಟ್‌ಗೆ "42 ವರ್ಷ" ಕೊಟ್ರೆ 42 ತಗೊಂಡು ಉಳಿದಿದ್ದನ್ನ ಕೇಳಿಸ್ಕೊಂಡೇ ಇಲ್ಲ ಅನ್ನೋ ಥರ ಇರತ್ತೆ. ನಂಬರ್ ಅನ್ನೋ ಫಂಕ್ಷನ್ ಅದನ್ನ ಒಪ್ಪಲ್ಲ, ಆದ್ರೆ ಖಾಲಿ ಟೆಕ್ಸ್ಟ್ ಕೊಟ್ರೆ ಅದೇ 0 ಅನ್ನತ್ತೆ. ಚಿಕ್ಕದಾಗಿ ಬರಿಯೋಣ ಅಂತ "1", "2", "3" ಇರೋ ಲಿಸ್ಟ್ ಮೇಲೆ ಸೀದಾ ಪಾರ್ಸ್‌ಇಂಟ್ ಮ್ಯಾಪ್ ಮಾಡಿದ್ರೆ (ಅಂದ್ರೆ ಪ್ರತಿ ಐಟಂ ಮೇಲೂ ಅದನ್ನ ಓಡಿಸಿದ್ರೆ) ಬರೋದು 1, ನ್ಯಾನ್, ನ್ಯಾನ್ (ನ್ಯಾನ್ ಅಂದ್ರೆ 'ನಂಬರ್ ಅಲ್ಲ'). ಯಾಕಂದ್ರೆ ಮ್ಯಾಪ್ ಪ್ರತಿ ಐಟಂ ಜೊತೆ ಅದು ಎಷ್ಟನೇದು ಅನ್ನೋದನ್ನೂ (0ಯಿಂದ ಎಣಿಸಿ) ಕಳಿಸತ್ತೆ, ಪಾರ್ಸ್‌ಇಂಟ್ ಅದನ್ನ ಸಂಖ್ಯಾಪದ್ಧತಿಯ ಬೇಸ್ (ಎಷ್ಟು ಅಂಕಿಗಳಲ್ಲಿ ಎಣಿಸೋದು ಅನ್ನೋದು) ಅಂತ ಓದ್ಕೊಳತ್ತೆ. ಬೇಸ್ 0 ಅಂದ್ರೆ ಹತ್ತು ಅಂತ ಸುಮ್ನಾಗತ್ತೆ, ಬೇಸ್ 1 ಅನ್ನೋದೇ ಇಲ್ಲ, ಬೇಸ್ 2ರಲ್ಲಿ 3 ಅನ್ನೋ ಅಂಕಿ ಇಲ್ಲ.

ಪೈಥಾನ್ ಇಂಟ್ ಸ್ವಲ್ಪ ಖಡಕ್, "42 ವರ್ಷ"ನೂ ಖಾಲಿನೂ ಎರಡಕ್ಕೂ ಎರರ್ ಎಸೆಯತ್ತೆ, ನಮ್ಮ "1,00,000" ಕಾಮಾ ಕೂಡ ಒಪ್ಪಲ್ಲ. ಆದ್ರೆ "೪೨" ಅಂತ ಕನ್ನಡ ಅಂಕಿಲಿ ಕೊಡಿ, ಆರಾಮಾಗಿ 42 ಅನ್ನತ್ತೆ, ಎಲ್ಲಾ ಭಾಷೆ ಅಕ್ಷರಗಳಿಗೂ ಕೋಡ್ ಕೊಡೋ ಯೂನಿಕೋಡ್‌ನಲ್ಲಿ ದಶಮಾನ ಅಂಕಿ ಅಂತ ಗುರುತಾಗಿರೋದೆಲ್ಲಾ ಅದಕ್ಕೆ ಓಕೆ. ಕೆಲವರು ಮೊದಲೇ ಇಸ್‌ಡಿಜಿಟ್ ಅಂತ (ಎಲ್ಲಾ ಅಂಕಿನೇನಾ ಅಂತ) ಕೇಳಿ ನೋಡಿ ಆಮೇಲೆ ಕನ್ವರ್ಟ್ ಮಾಡ್ತಾರೆ, ಅದು ಬೇಡ ಅಂತೀನಿ, ಯಾಕಂದ್ರೆ "-5" ಅಲ್ಲಿ ಫೇಲಾಗತ್ತೆ, ವರ್ಗದ ಚಿಹ್ನೆ "²" ಪಾಸಾಗಿ ಆಮೇಲೆ ಇಂಟ್ ಹತ್ರ ಒದೆ ತಿನ್ನತ್ತೆ. ಸುಮ್ನೆ ಟ್ರೈ (ಎರರ್ ಬಂದ್ರೆ ಹಿಡಿಯೋ ಬ್ಲಾಕ್) ಒಳಗೆ ಇಂಟ್ ಕರೆದು, ಅದು ಎಸೆಯೋ ವ್ಯಾಲ್ಯೂಎರರ್ ಹಿಡಿಯೋದೇ ಸರಿ. 2022ರಿಂದ ಇನ್ನೊಂದು ತಡೆಯೂ ಇದೆ, 4300 ಅಂಕಿಗಿಂತ ಉದ್ದ ಇದ್ರೆ ಡೀಫಾಲ್ಟಾಗಿ ಒಪ್ಪಲ್ಲ. ಉದ್ದ ಡಬಲ್ ಆದ್ರೆ ಟೈಮ್ ಹೆಚ್ಚುಕಮ್ಮಿ ನಾಲ್ಕು ಪಟ್ಟು ಆಗ್ತಿತ್ತು, ಯಾರಾದ್ರೂ ಬೇಕಂತ್ಲೇ ಲಕ್ಷಗಟ್ಟಲೆ ಅಂಕಿ ಕಳಿಸಿ ಸರ್ವರ್ ಸುಸ್ತು ಮಾಡಬಹುದಿತ್ತು.

ಒಂದೇ ಸಾಲಲ್ಲಿ ಸೇಫಾಗಿ ಮುಗೀಬೇಕು ಅಂದ್ರೆ ನಂಗಿಷ್ಟ ಕೋಟ್ಲಿನ್‌ದು. ಟುಇಂಟ್‌ಆರ್‌ನಲ್ ಅಂತ ಕರೆದ್ರೆ ನಂಬರ್ ಇಲ್ಲಾ ನಲ್ (ಅಂದ್ರೆ 'ಏನೂ ಇಲ್ಲ'), ಮಧ್ಯ ಏನಿಲ್ಲ. ರಸ್ಟ್‌ನಲ್ಲಿ ಪಾರ್ಸ್ ಕೊಡೋದು ರಿಸಲ್ಟ್ (ಒಳಗೆ ನಂಬರ್ ಇಲ್ಲಾ ಎರರ್ ಇರೋ ಪೊಟ್ಟಣ), ಬಿಚ್ಚಿ ನೋಡದೆ ನಂಬರ್ ಕೈಗೆ ಸಿಗಲ್ಲ. ಸಿ ಶಾರ್ಪ್‌ನ ಟ್ರೈಪಾರ್ಸ್ ಆಯ್ತು-ಇಲ್ಲ ಅಂತ ಹೇಳತ್ತೆ, ಆದ್ರೆ ಫೇಲಾದ್ರೆ ವೇರಿಯಬಲ್‌ನಲ್ಲಿ 0 ಹಾಕಿಡತ್ತೆ, ಉತ್ತರ ನೋಡದಿದ್ರೆ ಮತ್ತೆ ಎ-ಟು-ಐ ಕಾಲಕ್ಕೇ ಹೋದ ಹಾಗೆ. ಕೋಟ್ಲಿನ್‌ನಲ್ಲೂ ಸೋಂಬೇರಿತನಕ್ಕೆ ನಲ್ ಬಂದ್ರೆ 0 ಅಂತ ಸೇರಿಸೋರಿದಾರೆ. ಪುಟದ ನಂಬರ್ ಬರದಿದ್ರೆ 1 ಅಂದ್ಕೊಳೋದ್ರಲ್ಲಿ ತಪ್ಪೇನಿಲ್ಲ, ವಯಸ್ಸು ಬರೀದೆ ಇರೋ ಅಜ್ಜಿ ಹಸುಗೂಸು ಆಗ್ಬಾರ್ದು ಅಷ್ಟೆ.

ಹಾಂ, ಮೊಬೈಲ್ ನಂಬರ್‌ನ ಇಂಟ್‌ಗೆ ತುಂಬೋಕೆ ಹೋಗ್ಬೇಡಿ. ಕೋಟ್ಲಿನ್ ಥರದ 32 ಬಿಟ್ (ಅಂದ್ರೆ 32 ಸೊನ್ನೆ-ಒಂದುಗಳಲ್ಲಿ ಹಿಡಿಸೋ) ಇಂಟ್ 2147483647ಕ್ಕೆ ಮುಗಿಯತ್ತೆ, ನಮ್ಮ ಹತ್ತಂಕಿ ಮೊಬೈಲ್ ನಂಬರ್ 6ರಿಂದ ಮೇಲೇ ಶುರುವಾಗೋದು, ಎಷ್ಟೇ ಸರಿಯಾಗಿ ಟೈಪ್ ಮಾಡಿದ್ರೂ ಟುಇಂಟ್‌ಆರ್‌ನಲ್ ನಲ್ ಅನ್ನೇ ಕೊಡತ್ತೆ.