ರಾತ್ರಿ ಮಲಗುವಾಗ ಬೇಕರಿಗೆ ಬ್ರೆಡ್ ಹಾಕುವುದಾ, ಕುಕಿ ಹಾಕುವುದಾ?

ಪ್ರಶ್ನೆ: ಹೇ ಡೇ ಎಂಬ ಫೋನಿನ ಕೃಷಿ ಆಟದಲ್ಲಿ ಬೇಗ ಮುಗಿಯುವ ಸಾಮಾನು ಮಾಡುವುದು ಲಾಭವೋ, ತುಂಬಾ ಹೊತ್ತು ಹಿಡಿಯುವುದು ಲಾಭವೋ? ಎರಡನ್ನೂ ಬೆರೆಸಿ ಹಾಕುವುದಾದರೆ ಹೇಗೆ?

ನೀವು ಮತ್ತೆ ಫೋನ್ ತೆಗೆಯುವುದು ಯಾವಾಗ? ಅದನ್ನು ನೋಡಿ ಹಾಕಿ. ಉತ್ತರ ಇಷ್ಟೇ ಮಾರಾಯ್ರೆ. ಆದರೆ ಇಷ್ಟು ಹೇಳಿ ಬಿಟ್ಟರೆ ಮರುದಿನ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಜೊತೆಗೆ ಒಂದು ವಾದವೂ ಬರುತ್ತದೆ: "ಬ್ರೆಡ್ಡಿಗೆ ನಿಮಿಷಕ್ಕೆ ಸಿಗುವಷ್ಟು ಲಾಭ ಬೇರೆ ಯಾವುದಕ್ಕೂ ಇಲ್ಲ, ಹಾಗಾಗಿ ಬ್ರೆಡ್ಡೇ ಹಾಕಬೇಕು." ಇವತ್ತು ಇದನ್ನು ಪೂರ್ತಿ ಬಿಚ್ಚಿ ನೋಡಿಬಿಡುವ.

ಲೆಕ್ಕ ಮೊದಲು ಒಪ್ಪಿಕೊಳ್ಳೋಣ, ಯಾಕೆಂದರೆ ಲೆಕ್ಕದಲ್ಲಿ ತಪ್ಪಿಲ್ಲ. ಆಟದೊಳಗಿನ ನಿಮ್ಮ ರಸ್ತೆಬದಿ ಅಂಗಡಿಯಲ್ಲಿ ಇಡಬಹುದಾದ ಗರಿಷ್ಠ ಬೆಲೆ ಹಿಡಿದರೆ 10 ಬ್ರೆಡ್ಡಿಗೆ 216 ಕಾಯಿನ್. ಅದಕ್ಕೆ ಬೇಕಾದ 30 ಗೋಧಿಯನ್ನು ಹಾಗೆಯೇ ಮಾರಿದ್ದರೆ 108 ಸಿಗುತ್ತಿತ್ತು. ಉಳಿದ ಲಾಭ 108. ಕಾರ್ನ್ ಬ್ರೆಡ್ 10ಕ್ಕೆ 720; ಅದರಲ್ಲಿ 20 ಜೋಳದ 144, 20 ಮೊಟ್ಟೆಯ 360 ಕಳೆದರೆ 216. ಕುಕಿ 10ಕ್ಕೆ 1040. ಗೋಧಿ 72, ಮೊಟ್ಟೆ 360, ಬ್ರೌನ್ ಶುಗರ್ 320 ತೆಗೆದರೆ 288. ಬ್ರೆಡ್ ಒಂದಕ್ಕೆ 5 ನಿಮಿಷ, ಕಾರ್ನ್ ಬ್ರೆಡ್ಡಿಗೆ 30, ಕುಕಿಗೆ 60. ನಿಮಿಷದ ಲೆಕ್ಕಕ್ಕೆ ಇಳಿಸಿದರೆ ಬ್ರೆಡ್ 2.16, ಕಾರ್ನ್ ಬ್ರೆಡ್ 0.72, ಕುಕಿ 0.48. ಕುಕಿಗಿಂತ ಬ್ರೆಡ್ ನಾಲ್ಕೂವರೆ ಪಟ್ಟು ಮೇಲೆ. ಸರಿ.

ಈಗ ನಿಮ್ಮ ಬೇಕರಿಯಲ್ಲಿ 4 ಸ್ಲಾಟ್ (ಒಂದರ ಹಿಂದೆ ಒಂದು ಕೆಲಸ ಸಾಲಿಡುವ ಜಾಗ; ಆ ಸಾಲೇ ಕ್ಯೂ) ಉಂಟು ಅಂತ ಇಟ್ಟುಕೊಳ್ಳಿ. ರಾತ್ರಿ ಹತ್ತೂವರೆಗೆ 4 ಬ್ರೆಡ್ ಹಾಕಿ ಮಲಗಿದಿರಿ. ಹತ್ತು ಐವತ್ತಕ್ಕೆ ನಾಲ್ಕೂ ಮುಗಿದವು. ಬೆಳಿಗ್ಗೆ ಆರೂವರೆವರೆಗೆ ಬೇಕರಿ ಏನು ಮಾಡುತ್ತಿತ್ತು? ಸುಮ್ಮನೆ ನಿಂತಿತ್ತು. ಎಂಟು ಗಂಟೆಯಲ್ಲಿ ಕೆಲಸ ಮಾಡಿದ್ದು 20 ನಿಮಿಷ, ಲಾಭ 43 ಕಾಯಿನ್. ಅದೇ ಜಾಗದಲ್ಲಿ 4 ಕಾರ್ನ್ ಬ್ರೆಡ್ ಇದ್ದಿದ್ದರೆ 86, 4 ಕುಕಿ ಇದ್ದಿದ್ದರೆ 115. "ನಿಮಿಷಕ್ಕೆ 2.16" ನಿಜವಾಗಬೇಕಾದರೆ ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ಕ್ಯೂ ತುಂಬಬೇಕು. ರಾತ್ರಿಗೆ 24 ಸಲ! 96 ಬ್ರೆಡ್ಡಿಗೆ 288 ಗೋಧಿ ಬೇಕು, ಅದನ್ನು ಯಾವ ಸೈಲೋದಲ್ಲಿ (ಬೆಳೆ ಇಡುವ ಕಣಜದಲ್ಲಿ) ಇಟ್ಟಿದ್ದೀರೋ ಗೊತ್ತಿಲ್ಲ.

ಅಂದರೆ ಲಾಭವನ್ನು ಭಾಗಿಸಬೇಕಾದ್ದು ಸಾಮಾನು ತಯಾರಾಗುವ ನಿಮಿಷದಿಂದ ಅಲ್ಲ. ನೀವು ಒಮ್ಮೆ ಬಂದು ಹೋಗಿ ಮತ್ತೆ ಬರುವವರೆಗಿನ ಅವಧಿಯಿಂದ. ನಮ್ಮ ಕಡೆಯ ಅಡುಗೆಮನೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೂಡೆಯ ಹಿಟ್ಟು ರುಬ್ಬಿಟ್ಟು ಮಲಗುತ್ತಾರೆ, ಗೋಳಿಬಜೆ ಎಣ್ಣೆಗೆ ಬಿಟ್ಟು ಯಾರೂ ಮಲಗುವುದಿಲ್ಲ. ಫೋನ್ ಕೈಗೆ ಬಂದ ಕೂಡಲೇ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೋ!

ಹಾಗಾದರೆ ಎಲ್ಲಿ ಬದಲಾಯಿಸಬೇಕು? 4 ಸ್ಲಾಟಿಗೆ ಲೆಕ್ಕ ಚೊಕ್ಕವಾಗಿ ಬರುತ್ತದೆ. ಒಂದು ಗಂಟೆಯೊಳಗೆ ಮತ್ತೆ ನೋಡುತ್ತೀರಾದರೆ ಬ್ರೆಡ್. ಒಂದರಿಂದ ಮೂರು ಗಂಟೆಯಾದರೆ ಕಾರ್ನ್ ಬ್ರೆಡ್. ಮೂರು ಗಂಟೆ ದಾಟುತ್ತದಾದರೆ ಕುಕಿ. ಸರಿಯಾಗಿ ಒಂದು ಗಂಟೆಗೆ ಬ್ರೆಡ್ಡೂ ಕಾರ್ನ್ ಬ್ರೆಡ್ಡೂ ಸಮ (43), ಮೂರು ಗಂಟೆಗೆ ಕಾರ್ನ್ ಬ್ರೆಡ್ಡೂ ಕುಕಿಯೂ ಸಮ (86). ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತುವಾಗ ಕ್ಯೂ ತುಂಬಿ, ಮಂಗಳೂರಲ್ಲಿ ಸ್ಟೇಟ್ ಬ್ಯಾಂಕ್ ಹತ್ತಿರ ಇಳಿದ ಮೇಲೆಯೇ ಮತ್ತೆ ನೋಡುವವರಿಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಷ್ಟರಲ್ಲಿ 3 ಕಾರ್ನ್ ಬ್ರೆಡ್ ಕೈಗೆ ಬರುತ್ತದೆ, ಲಾಭ ಸುಮಾರು 65. ಬ್ರೆಡ್ಡಾದರೆ 43, ಕುಕಿಯಾದರೆ ಒಂದೇ ಮುಗಿದು 29. ಬಸ್ಸಿನಲ್ಲೂ ಆಡುತ್ತಾ ಕೂರುವವರಾದರೆ ಬ್ರೆಡ್ಡೇ ಸರಿ.

ಸ್ಲಾಟ್ ಹೆಚ್ಚಿದ್ದರೆ ಈ ಗಡಿಗಳು ಮುಂದಕ್ಕೆ ಹೋಗುತ್ತವೆ. ಸ್ಲಾಟಿನ ಸಂಖ್ಯೆಯನ್ನು 15ರಿಂದ ಗುಣಿಸಿದರೆ ಬ್ರೆಡ್ ಬಿಡಬೇಕಾದ ನಿಮಿಷ, 45ರಿಂದ ಗುಣಿಸಿದರೆ ಕುಕಿ ಹಿಡಿಯಬೇಕಾದ ನಿಮಿಷ. 6 ಸ್ಲಾಟಿಗೆ ಒಂದೂವರೆ ಗಂಟೆ, ನಾಲ್ಕೂವರೆ ಗಂಟೆ. ಡೈಮಂಡನ್ನು (ಆಟದ ಅಪರೂಪದ ನಾಣ್ಯ) ಟೈಮರ್ ಬೇಗ ಓಡಿಸಲು ಸುರಿಯುವವರು ಇಲ್ಲಿ ಒಂದು ಗಳಿಗೆ ನಿಲ್ಲಿ: ಓಡಿಸಿದ ಟೈಮರ್ ಅಲ್ಲಿಗೇ ಮುಗಿಯಿತು, ಅದೇ ಡೈಮಂಡಿನಿಂದ ತೆರೆದ ಸ್ಲಾಟ್ ಪ್ರತಿ ರಾತ್ರಿ ಒಂದು ಕುಕಿ ಹೆಚ್ಚು ಕೊಡುತ್ತದೆ.

ಲೆಕ್ಕ ಒಪ್ಪಿದವರೂ ಎಡವುವುದು ಸಿದ್ಧತೆಯಲ್ಲಿ. ಕ್ಯೂಗೆ ಹಾಕುವಾಗಲೇ ಸಾಮಗ್ರಿ ಪೂರ್ತಿ ಕೈಯಲ್ಲಿರಬೇಕು. 4 ಕುಕಿಗೆ 8 ಗೋಧಿ, 8 ಮೊಟ್ಟೆ, 4 ಬ್ರೌನ್ ಶುಗರ್. ಬ್ರೌನ್ ಶುಗರ್ ಒಂದಕ್ಕೆ 20 ನಿಮಿಷ, ನಾಲ್ಕಕ್ಕೆ 80. ಅದಕ್ಕೆ ಬೇಕಾದ ಕಬ್ಬು ಬೆಳೆಯಲು 30. ಹತ್ತೂವರೆಗೆ ಮಲಗುವವರು ಎಂಟು ನಲವತ್ತಕ್ಕೇ ಕಬ್ಬು ನೆಟ್ಟಿರಬೇಕು. ಎಂಟು ಮೊಟ್ಟೆಗೆ ಎಂಟು ಫೀಡ್ (ಕೋಳಿಯ ಆಹಾರ) ಬೇಕು. ಫೀಡ್ ಮಿಲ್ಲಿನಲ್ಲಿ ಒಂದು ಸಲಕ್ಕೆ ಮೂರರಂತೆ ಮೂರು ಸಲ, 15 ನಿಮಿಷ. ಒಂದು ಗೂಡಿನಲ್ಲಿ ಆರೇ ಕೋಳಿ, ಆದ್ದರಿಂದ ಎರಡು ಸುತ್ತು ತಿನ್ನಿಸಬೇಕು, ಸುತ್ತಿಗೆ 20 ನಿಮಿಷ. ಇದನ್ನೆಲ್ಲ ಹಾಸಿಗೆಯಲ್ಲಿ ಕೂತು ನೆನಪಿಸಿಕೊಂಡವರೇ ಕೊನೆಗೆ ಬ್ರೆಡ್ ಹಾಕಿ ಮಲಗುವುದು. ಹಗಲಿನ ಚಿಕ್ಕ ಕೆಲಸಗಳು ರಾತ್ರಿಯ ದೊಡ್ಡ ಕೆಲಸಕ್ಕೆ ಸಾಮಗ್ರಿ ಒದಗಿಸಬೇಕು. ಬೆರೆಸುವುದು ಅಂದರೆ ಮುಖ್ಯವಾಗಿ ಇದು, ಒಂದೇ ಕ್ಯೂನಲ್ಲಿ ಎರಡನ್ನೂ ತುರುಕುವುದಲ್ಲ.

ತುರುಕಲೇಬೇಕಾದರೆ, ಟ್ರಕ್ಕಿನ ಆರ್ಡರಿಗೆ ಒಂದು ಬ್ರೆಡ್ ಕಡಿಮೆಯಿದ್ದರೆ, ಬ್ರೆಡ್ ಮೊದಲು, ಕುಕಿ ಆಮೇಲೆ. ಯಾವುದು ಮೊದಲಾದರೂ ಒಂದು ಬ್ರೆಡ್ ಮೂರು ಕುಕಿಗೆ ಒಟ್ಟು 185 ನಿಮಿಷವೇ. ಆದರೆ ಚಿಕ್ಕದು ಮುಂದಿದ್ದರೆ ಹತ್ತು ನಿಮಿಷಕ್ಕೆ ಇಣುಕಿದಾಗ ಬ್ರೆಡ್ ಸಿಗುತ್ತದೆ. ಹಿಂದಿದ್ದರೆ ಮೂರು ಗಂಟೆ ಕಾಯಿರಿ.

ಹೊಲಕ್ಕೂ ಇದೇ ಕ್ರಮ. ಎದ್ದಿರುವಾಗ 2 ನಿಮಿಷದ ಗೋಧಿ, 5 ನಿಮಿಷದ ಜೋಳ. ಮಲಗುವಾಗ ನಿಮ್ಮ ಲೆವೆಲ್ ನೋಡಿ 3 ಗಂಟೆಯ ಕುಂಬಳ, 6 ಗಂಟೆಯ ಟೊಮೆಟೊ ಅಥವಾ 8 ಗಂಟೆಯ ಸ್ಟ್ರಾಬೆರಿ. ತಡವಾಗಿ ಎದ್ದರೂ ಬೆಳೆ ಬಾಡುವುದಿಲ್ಲ; ಬಾಡುತ್ತಿದ್ದದ್ದು 2009ರ ಫಾರ್ಮ್‌ವಿಲ್ ಎಂಬ ಹಳೆಯ ಕೃಷಿ ಆಟದಲ್ಲಿ. ಆ ಹೆದರಿಕೆಯನ್ನು ಇನ್ನೂ ಹೊತ್ತುಕೊಂಡು ತಿರುಗುವವರಿದ್ದಾರೆ.

ಎಲ್ಲ ಆಟಕ್ಕೂ ಈ ಲೆಕ್ಕ ಹಚ್ಚಬೇಡಿ. ವಾರ್‌ಫ್ರೇಮ್ ಎಂಬ ಕಾದಾಟದ ಆಟದ ಫೌಂಡ್ರಿಯಲ್ಲಿ (ಸಾಮಾನು ತಯಾರಿಸುವ ಜಾಗ) ಒಂದರ ಹಿಂದೆ ಒಂದು ಎಂಬ ಸಾಲೇ ಇಲ್ಲ, ಹಾಕಿದ್ದೆಲ್ಲ ಒಟ್ಟಿಗೆ ನಡೆಯುತ್ತದೆ. ಮಾಮೂಲಿ ಫ್ರೇಮಿನ (ಆಟಗಾರ ನಡೆಸುವ ಯೋಧನ ಕವಚ) ಮೂರು ಬಿಡಿಭಾಗಕ್ಕೆ ತಲಾ 12 ಗಂಟೆ, ಜೋಡಣೆಗೆ 72. ಮೂರನ್ನೂ ಒಟ್ಟಿಗೆ ಹಾಕಿದರೆ 84 ಗಂಟೆಯಲ್ಲಿ ಫ್ರೇಮ್ ಸಿದ್ಧ, ಒಂದೊಂದಾಗಿ ಹಾಕಿದರೆ 108. ಅಲ್ಲಿ ಚಿಕ್ಕದು ದೊಡ್ಡದು ತೂಗುವ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು, ಯಾರೂ ನೇರವಾಗಿ ಕೇಳದ್ದು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಫೋನ್ ಚಾರ್ಜ್ ಮುಗಿದು ಆಫ್. ಹಾಕಿಟ್ಟ ಕುಕಿ ನಿಲ್ಲುತ್ತದಾ? ಇಲ್ಲ. ಹೊತ್ತು ಎಣಿಸುವುದು ಕಂಪನಿಯ ಸರ್ವರ್, ನಿಮ್ಮ ಫೋನಲ್ಲ. ಅದೇ ಕಾರಣಕ್ಕೆ ಫೋನಿನ ಗಡಿಯಾರವನ್ನು ನಾಲ್ಕು ಗಂಟೆ ಮುಂದಿಟ್ಟರೆ ಕುಕಿ ಬೇಗ ಬೇಯುವುದಿಲ್ಲ. ಬಾರ್ನ್ (ತಯಾರಾದ ಸಾಮಾನು ಇಡುವ ಉಗ್ರಾಣ) ತುಂಬಿದ್ದರೆ ಬೆಂದದ್ದನ್ನೂ ಒಳಗೆ ತೆಗೆದುಕೊಳ್ಳಲು ಆಗುವುದಿಲ್ಲ, ಆದ್ದರಿಂದ ಮಲಗುವ ಮುಂಚೆ ನಾಲ್ಕು ಸಾಮಾನಿನ ಜಾಗ ಖಾಲಿ ಉಂಟಾ ನೋಡಿಕೊಳ್ಳಿ.