ಹಿಮದ ಭಾರವನ್ನು ಬಲ್ಲ ಕಟ್ಟಡ

ಅಮೆರಿಕದ ಆರೆಗಾನ್ ರಾಜ್ಯದಲ್ಲಿರುವ ಮೌಂಟ್ ಹುಡ್ 3,429 ಮೀಟರ್ ಎತ್ತರದ ಜ್ವಾಲಾಮುಖಿ. ಅದರ ದಕ್ಷಿಣದ ಇಳಿಜಾರಿನಲ್ಲಿ, ಕಾಡು ತೆಳುವಾಗಿ ಬೋಳು ನೆಲ ಆರಂಭವಾಗುವ ಸುಮಾರು 1,800 ಮೀಟರ್ ಎತ್ತರದಲ್ಲಿ, ಟಿಂಬರ್‌ಲೈನ್ ಲಾಡ್ಜ್ ನಿಂತಿದೆ. ಅಲ್ಲಿ ವರ್ಷಕ್ಕೆ 40 ಅಡಿಗೂ ಹೆಚ್ಚು ಹಿಮ ಸುರಿಯುತ್ತದೆ.

ನೆಲದಲ್ಲಿ ಕುಸಿದು ಗಟ್ಟಿಯಾದ ಹಿಮ ಘನ ಮೀಟರಿಗೆ ಸುಮಾರು 300 ಕಿಲೋಗ್ರಾಂ ತೂಗುತ್ತದೆ. ಅಂಥ ಹಿಮ ಮೂರು ಮೀಟರ್ ದಪ್ಪ ಕೂತರೆ ಚಾವಣಿಯ ಪ್ರತಿ ಚದರ ಮೀಟರಿನ ಮೇಲೂ ಒಂದು ಟನ್ನಿಗೆ ಸಮೀಪದ ಹೊರೆ ಬೀಳುತ್ತದೆ. ಹಿಮದ ತೂಕದಲ್ಲಿ ಇಳಿಜಾರಿನ ಗುಂಟ ಎಳೆಯುವ ಅಂಶ ಘರ್ಷಣೆಯನ್ನು ಮೀರಿದಾಗ ಅದು ತಾನಾಗಿ ಜಾರಿ ಬೀಳುವುದರಿಂದ, ಇಲ್ಲಿನ ಚಾವಣಿಗಳು ಕಡಿದಾಗಿವೆ. ನಡುವಿನ ಷಟ್ಕೋನಾಕೃತಿಯ ಭಾಗದ ಚೂಪು ಚಾವಣಿಯಂತೂ ಹಿಂದಿನ ಶಿಖರವನ್ನೇ ನೆನಪಿಸುವಂತೆ ರೂಪುಗೊಂಡಿದೆ. ನೆಲದಲ್ಲಿ ರಾಶಿಬಿದ್ದ ಹಿಮವೂ ನಿಶ್ಚಲವಲ್ಲ, ಅತಿ ನಿಧಾನವಾಗಿ ಇಳಿಜಾರಿನತ್ತ ತೆವಳುತ್ತಾ ಗೋಡೆಗಳನ್ನು ಅಡ್ಡಕ್ಕೆ ತಳ್ಳುತ್ತದೆ. ಕೆಳ ಅಂತಸ್ತುಗಳಲ್ಲಿ ಭಾರವಾದ ಕಲ್ಲುಕಟ್ಟಡ ಏಕೆ ಬೇಕಿತ್ತೆಂಬುದು ಇದರಿಂದ ತಿಳಿಯುತ್ತದೆ.

ಒಳಗೆ ಸುಮಾರು 90 ಅಡಿ ಎತ್ತರದ ಕಲ್ಲಿನ ಚಿಮಣಿಯಿದೆ. ಎರಡು ಅಂತಸ್ತುಗಳ ಆರು ಅಗ್ಗಿಷ್ಟಿಕೆಗಳು ಇದೊಂದನ್ನೇ ಆಶ್ರಯಿಸಿವೆ. ಬಿಸಿ ಗಾಳಿಯ ಕಂಬ ಎತ್ತರವಾದಷ್ಟೂ ಹೊಗೆಯನ್ನು ಸೆಳೆಯುವ ಬಲ ಹೆಚ್ಚುತ್ತದೆ. ಹೊರಗೋಡೆಗೆ ಅಂಟದೆ ಕಟ್ಟಡದ ನಡುವೆ ನಿಂತ ಕಲ್ಲು ತಾನು ಹೀರಿದ ಶಾಖವನ್ನು ಬೆಂಕಿ ಆರಿದ ಮೇಲೂ ಒಳಕ್ಕೇ ಬಿಟ್ಟುಕೊಡುತ್ತದೆ.

ಈ ಕಟ್ಟಡದ ರೂಪಕ್ಕೆ ಹಿಮದಷ್ಟೇ ಕಾರಣವಾದುದು ಬಡತನ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಸರ್ಕಾರ ರಚಿಸಿದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ 1936ರಲ್ಲಿ ಕಾಮಗಾರಿ ಆರಂಭಿಸಿತು. 1937ರ ಸೆಪ್ಟೆಂಬರ್ 28ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದನ್ನು ಲೋಕಾರ್ಪಣೆ ಮಾಡಿದರು. ಉದ್ದೇಶ ಉದ್ಯೋಗವಾದ್ದರಿಂದ ಯಂತ್ರಕ್ಕಿಂತ ಕೈಗಳಿಗೇ ಆದ್ಯತೆ ದೊರೆಯಿತು, ಬಿಸಾಡಿದ ವಸ್ತುಗಳಿಗೆ ಬೆಲೆ ಬಂತು. ಹಳೆಯ ತಂತಿಕಂಬಗಳ ದೇವದಾರು ಮೆಟ್ಟಿಲ ಬದಿಯ ಕೆತ್ತನೆಯ ಕಂಬಗಳಾಯಿತು. ಹಳೆಯ ರೈಲು ಹಳಿಗಳು ಕುಲುಮೆಯಲ್ಲಿ ಬಾಗಿ ಅಗ್ಗಿಷ್ಟಿಕೆಯ ಸೌದೆ ಹೊರುವ ಕಬ್ಬಿಣದ ಆಧಾರಗಳಾದವು. ಒಳಾಂಗಣದ ಹೊಣೆ ಹೊತ್ತ ಮಾರ್ಜರಿ ಹಾಫ್‌ಮನ್ ಸ್ಮಿತ್ ಅವರ ನೇತೃತ್ವದಲ್ಲಿ ಹಳೆಯ ಕಂಬಳಿಗಳ ಪಟ್ಟಿಗಳು ಜಮಖಾನೆಗಳಾದವು. ಕೊರತೆಯಿಂದ ಹುಟ್ಟಿದ ಈ ಕೈಗೆಲಸವೇ, ನನ್ನ ದೃಷ್ಟಿಯಲ್ಲಿ, ಈ ಲಾಡ್ಜಿನ ನಿಜವಾದ ಸಂಪತ್ತು.

1977ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಕಲ್ಲು ಮರಗಳಿಗಿಂತ ಬಟ್ಟೆಯನ್ನು ಕಾಪಾಡುವುದೇ ಹೆಚ್ಚು ಕಷ್ಟ, ಏಕೆಂದರೆ ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ನೇರಳಾತೀತ ಕಿರಣಗಳು ಸುಮಾರು ಶೇಕಡ 10ರಷ್ಟು ಹೆಚ್ಚುತ್ತವೆ, ಹೊಸ ಹಿಮವೂ ಅವುಗಳ ಬಹುಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹಾಗಾಗಿ ಬಣ್ಣಗೆಟ್ಟ, ಸವೆದ ಪರದೆ ಜಮಖಾನೆಗಳನ್ನು 1975ರಲ್ಲಿ ಹುಟ್ಟಿದ ಫ್ರೆಂಡ್ಸ್ ಆಫ್ ಟಿಂಬರ್‌ಲೈನ್ ಸಂಸ್ಥೆ ಮೂಲ ವಿನ್ಯಾಸಗಳಂತೆಯೇ ಮತ್ತೆ ಕೈಯಿಂದ ಮಾಡಿಸುತ್ತಾ ಬಂದಿದೆ.